ಅರುಮುಗಣ್ಣನ ಇಂಟು ಗುರುತು

1998ರಲ್ಲಿ ನಾನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿದ್ದ ಒಂದು ಖಾಸಗಿ ಫೌಂಡ್ರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿದು ನೀರಿನ ಪಂಪಿನ ಕವಚಗಳನ್ನು ಎರಕ ಹೊಯ್ಯುತ್ತಿದ್ದ ಕಾರ್ಖಾನೆ ಅದು. ಅಲ್ಲಿ ನಾನು ಸಹಿ ಹಾಕಿದ ಒಂದು ಕಾಗದವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸಿಟ್ಟು ಆಡಳಿತದವರ ಮೇಲೆ ಮಾತ್ರ ಅಲ್ಲ, ನನ್ನ ಮೇಲೂ ಇದೆ.

ಅಚ್ಚು ಕಟ್ಟುವ ಮೋಲ್ಡರ್‌ಗಳಲ್ಲಿ ಹಿರಿಯರು ಅರುಮುಗಂ. ನಮಗೆಲ್ಲ ಅರುಮುಗಣ್ಣ. ಅಪ್ಪನ ಕಾಲಕ್ಕೇ ತಮಿಳುನಾಡಿನಿಂದ ಬಂದು ಭದ್ರಾವತಿಯವರೇ ಆಗಿಹೋದ ಮನೆತನ. ಅವರ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ಎರಕ ಆರಿದ ಮೇಲೆ ಮೋಲ್ಡರ್ ತಾನೇ ಸುತ್ತಿಗೆಯಿಂದ ತಟ್ಟಿ ಕಿವಿಗೊಡುವುದು. ಸದ್ದು ಮಂಕಾಗಿದ್ದರೆ ಒಳಗೆ ಗಾಳಿ ಸಿಕ್ಕಿ ಪೊಳ್ಳಾಗಿದೆ ಎಂದರ್ಥ. ಅದಕ್ಕೆ ಬ್ಲೋ ಹೋಲ್ ಎನ್ನುತ್ತಾರೆ. ಅಂಥದ್ದರ ಮೇಲೆ ಅವನೇ ಸೀಮೆಸುಣ್ಣದಲ್ಲಿ ಇಂಟು ಗುರುತು ಹಾಕುತ್ತಿದ್ದ. ಯಾರದು, ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಮತ್ತೆ ಕುಲುಮೆಗೆ ಹೋಗುತ್ತಿತ್ತು.

ಅತಿ ಹೆಚ್ಚು ಇಂಟು ಹಾಕುತ್ತಿದ್ದವರು ಅರುಮುಗಣ್ಣನೇ. ಸೈರನ್ ಆದ ಮೇಲೂ ಉಳಿದು ತಟ್ಟುತ್ತಿದ್ದರು. ನ್ಯೂ ಟೌನ್ ಕಡೆಯ ಬಸ್ಸು ಎಷ್ಟೋ ಸಲ ತಪ್ಪಿಹೋಗುತ್ತಿತ್ತು. “ನಮ್ ಕಂಪ್ನಿ ಮಾಲು ಸಾರ್, ಹೊರಗಡೆ ಹೋಗಿ ಮಾನ ಕಳೀಬಾರ್ದು,” ಎನ್ನುತ್ತಿದ್ದರು.

ಆ ವರ್ಷ ಐಎಸ್ಒ ಸರ್ಟಿಫಿಕೇಟಿನ ಹುಚ್ಚು ಹತ್ತಿತು. ಗುಣಮಟ್ಟಕ್ಕೆ ಒಂದು ಕ್ರಮ ಇದೆ, ಅದನ್ನು ಬರೆದಿಟ್ಟು ಹಾಗೇ ನಡೆಯುತ್ತೇವೆ ಎಂಬುದಕ್ಕೆ ಸಿಗುವ ಪ್ರಮಾಣಪತ್ರ ಅದು. ಅದರಲ್ಲಿ ತಪ್ಪೇನಿಲ್ಲ, ನಾನೇ ಅದರ ತರಬೇತಿಗೆ ಹೋಗಿ ಬಂದವನು. ಕೆಲಸಗಾರನನ್ನು ಹೆದರಿಸಿ ಎಂದು ಅದರ ಯಾವ ಪುಟದಲ್ಲೂ ಬರೆದಿರಲಿಲ್ಲ. ನಮ್ಮವರಿಗೆ ಮಾತ್ರ ಮಂತ್ರಕ್ಕಿಂತ ಉಗುಳೇ ಹೆಚ್ಚಾಯಿತು. ಪ್ರತಿ ಇಂಟು ಗುರುತಿಗೂ ಒಂದು ಫಾರಂ, ಅದರಲ್ಲಿ ಮೋಲ್ಡರನ ಹೆಸರು, ತಿಂಗಳ ಕೊನೆಗೆ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಪಟ್ಟಿ.

ಮೊದಲ ತಿಂಗಳ ಪಟ್ಟಿಯ ತಲೆಯಲ್ಲೇ ಅರುಮುಗಣ್ಣನ ಹೆಸರು. ಹದಿನಾಲ್ಕು ಇಂಟು. ಅವರು ಬಂದು ನನಗೆ ಹೇಳಿದ್ದರು: “ಮರಳು ಒಣಗಿಸೋ ಮಿಷನ್ ಸರಿ ಇಲ್ಲ ಸಾರ್. ಹಸಿ ಮರಳಿಗೆ ಕಬ್ಬಿಣ ಸುರಿದ್ರೆ ಆವಿ ಎಲ್ಲಿಗೆ ಹೋಗ್ಬೇಕು?” ನಾನು ಅದನ್ನು ವರ್ಕ್ಸ್ ಮ್ಯಾನೇಜರಿಗೆ ಮುಟ್ಟಿಸಿದೆ.

“ಐಎಸ್ಒ ಆಡಿಟ್ ತಲೆ ಮೇಲಿದೆ ಮಾರಾಯ. ಮಿಷನ್ ಆಮೇಲೆ ನೋಡೋಣ. ಮೊದ್ಲು ಅವನಿಗೊಂದು ಷೋಕಾಸ್ ನೋಟಿಸ್ ಕೊಡು,” ಎಂದರು ಅವರು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ! ‘ನಿರ್ಲಕ್ಷ್ಯಕ್ಕಾಗಿ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು’ ಎಂಬ ಆ ಕಾಗದವನ್ನು ಟೈಪ್ ಮಾಡಿಸಿ, ಸಹಿ ಹಾಕಿ, ನಾನೇ ಕೈಗೆ ಕೊಟ್ಟೆ. ಬೇಡ ಎನ್ನಲು ನಾಲಿಗೆ ಏಳಲಿಲ್ಲ; ಕೆಲಸ ಕಾಯಂ ಆಗಿ ಆರು ತಿಂಗಳಾಗಿತ್ತಷ್ಟೆ. ಅರುಮುಗಣ್ಣ ಓದಿಸಿಕೊಂಡು, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

ಮುಂದಿನ ತಿಂಗಳು ಇಡೀ ಸಾಲಿನಲ್ಲಿ ಒಂದೇ ಒಂದು ಇಂಟು ಬೀಳಲಿಲ್ಲ. ಪಟ್ಟಿ ಖಾಲಿ. ಆಡಿಟ್‌ಗೆ ಬಂದವರು ತಲೆದೂಗಿದರು, ನಮ್ಮವರು ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೇಟಿನ ಬಳಿ ನೇತುಹಾಕಿದರು, ಮೈಸೂರು ಪಾಕ್ ಹಂಚಿದರು. ಮರಳು ಮಾತ್ರ ಹಸಿಯಾಗಿಯೇ ಇತ್ತು.

ಎರಡು ತಿಂಗಳಲ್ಲಿ ಗಿರಾಕಿ ಒಂದು ಲಾರಿ ಮಾಲನ್ನು ಹಿಂದಕ್ಕೆ ಕಳಿಸಿದ. ಕೆಲವು ಕವಚಗಳನ್ನು ಲೇತಿನಲ್ಲಿ ಹೆರೆದಾಗ ಒಳಗೆಲ್ಲ ತೂತು ಕಂಡಿತ್ತು. ಉಳಿದವುಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು? ಫಾರಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಅರುಮುಗಣ್ಣನನ್ನೇ ಕರೆಸಿದರು. ಅವರು ತಾವು ಅಚ್ಚು ಕಟ್ಟಿದ ಕವಚಗಳನ್ನು ತಟ್ಟುತ್ತಾ ಹೋಗಿ ಒಂಬತ್ತನ್ನು ಪಕ್ಕಕ್ಕಿಟ್ಟರು. ಕೊಯ್ದು ನೋಡಿದರೆ ಒಂಬತ್ತೂ ಪೊಳ್ಳು.

ಮ್ಯಾನೇಜರ್ ಕೂಗಾಡಿದರು: “ಇಷ್ಟು ಗೊತ್ತಾಗೋನಿಗೆ ಅವತ್ತೇ ಯಾಕೆ ಗೊತ್ತಾಗ್ಲಿಲ್ಲ?”

“ಸುರಿದ ದಿನವೇ ಗೊತ್ತಿತ್ತು ಸಾರ್. ಗುರುತು ಹಾಕಿದ್ರೆ ನೋಟಿಸ್ ಕೊಡ್ತೀರಲ್ಲ.”

ಆ ವಾರವೇ ಮಿಷನ್ ರಿಪೇರಿ ಆಯಿತು, ಗೋಡೆಯ ಪಟ್ಟಿಯೂ ಹೋಯಿತು. ಅರುಮುಗಣ್ಣ ಕೇಳಿದ್ದು ಒಂದೇ: ತಮ್ಮ ಫೈಲಿನಿಂದ ಆ ನೋಟಿಸನ್ನು ತೆಗೆಯಬೇಕು. ‘ದಾಖಲೆ ತೆಗೆಯಲು ನಿಯಮದಲ್ಲಿ ಅವಕಾಶ ಇಲ್ಲ’ ಎಂದು ಉತ್ತರ ಬಂತು. ತಪ್ಪಾಯಿತು ಎಂದು ಒಂದು ಸಾಲು ಬರೆದು ಪಕ್ಕದಲ್ಲಿಡಲು ಯಾವ ನಿಯಮ ಅಡ್ಡ ಬರುತ್ತಿತ್ತು?

ಮತ್ತೆ ಇಂಟು ಹಾಕಬಹುದು ಎಂದು ನಾವು ಸಾರಿ ಸಾರಿ ಹೇಳಿದೆವು. ಅರುಮುಗಣ್ಣ ಮಾತ್ರ ಹೇಳಿದಷ್ಟು ಅಚ್ಚು ಕಟ್ಟುತ್ತಿದ್ದರು, ಸೈರನ್ ಆದ ಕೂಡಲೇ ಕೈ ತೊಳೆದು ಬಸ್ಸಿಗೆ ನಡೆಯುತ್ತಿದ್ದರು. ಒಂದು ಸಂಜೆ ಗೇಟಿನಲ್ಲಿ ತಡೆದು ಕೇಳಿದೆ: “ಯಾಕಣ್ಣ, ಈಗ ತಟ್ಟಿ ನೋಡೋದೇ ಇಲ್ವಲ್ಲ?”

“ಕಂಪ್ನಿ ನಮ್ದು ಅಂದ್ಕೊಂಡಿದ್ದೆ ಸಾರ್. ನೀವು ಕಾಗದ ಕೊಟ್ರಲ್ಲ, ಅವತ್ತು ನಿಮ್ದು ಅಂತ ಗೊತ್ತಾಯ್ತು.”

ಆಮೇಲೆ ಬೇರೆ ಬೇರೆ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದೆ. ತನ್ನ ತಪ್ಪನ್ನು ತಾನೇ ತೋರಿಸಿದವನ ಹೆಸರನ್ನು ಯಾವ ಫಾರಂನಲ್ಲೂ ಬರೆಸಲಿಲ್ಲ. ಅಷ್ಟನ್ನು ಕಲಿಯಲು ನನಗೆ ಬೇಕಾದದ್ದು ಒಂದು ನೋಟಿಸ್. ಅದರ ಬೆಲೆ ತೆತ್ತವರು ಅರುಮುಗಣ್ಣ.