ಟೈಲರಮ್ಮನ ಮನೆಯ ಪಾತ್ರೆಗಳು

ಟೈಲರಮ್ಮನ ಹೊಲಿಗೆ ಯಂತ್ರದ ಸದ್ದು ನಿಂತರೆ ಸಾಕು, ಪಕ್ಕದ ಮನೆಯವರ ಎದೆ ಝಲ್ಲೆನ್ನುತ್ತಿತ್ತು. ಒಳಗೆ ಏನೋ ಹಾರಿದೆ ಎಂದೇ ಅರ್ಥ. ಬೀಗ ಹಾಕಿದ ಕಪಾಟಿನೊಳಗೆ ತಟ್ಟೆಗಳು ಒಡೆಯುತ್ತಿದ್ದವು. ಕತ್ತರಿ ಮೇಜಿನಿಂದೆದ್ದು ಬಾಗಿಲಿಗೆ ನಾಟುತ್ತಿತ್ತು. ಇಸ್ತ್ರಿಪೆಟ್ಟಿಗೆ ಗಂಡನ ಭುಜಕ್ಕೆ ಬಡಿದ ಮೇಲಂತೂ ಯಾರಿಗೂ ಬೆನ್ನು ಕೊಟ್ಟು ಕೂರುವ ಧೈರ್ಯ ಉಳಿಯಲಿಲ್ಲ. ಮನೆ ಮಾರೋಣವೆಂದರೆ ದೆವ್ವವನ್ನೂ ಸೇರಿಸಿ ಕೊಳ್ಳುವ ಪುಣ್ಯಾತ್ಮ ಯಾರು?

ದಾರಿ ಕಾಣದಾಗ ಬಡಪಾಯಿಯ ಮೇಲೆ ಕಣ್ಣು ಬೀಳುವುದು ಲೋಕದ ರೀತಿ. ಇಲ್ಲಿ ಬಿದ್ದದ್ದು ಮಗಳ ಮೇಲೆ. ಹದಿಮೂರರ ಹುಡುಗಿ, ಮಾತು ಕಡಿಮೆ. ಅವಳೇ ಕದ್ದುಮುಚ್ಚಿ ಎಸೆಯುತ್ತಾಳೆಂದು ಅತ್ತೆ ತೀರ್ಮಾನಿಸಿದರು. ದೂರದ ಹಾಸ್ಟೆಲಿಗೆ ಕಳಿಸುವುದೆಂದಾಗ ಗಂಡನೂ ತಲೆಯಾಡಿಸಿದ. ಮಗಳು ಜ್ವರ ಬಂದು ತನ್ನ ಮಡಿಲಲ್ಲಿ ಮಲಗಿದ್ದಾಗಲೇ ಕೊಡ ಹಾರಿದ್ದನ್ನು ಟೈಲರಮ್ಮ ಕಣ್ಣಾರೆ ಕಂಡಿದ್ದಳು. ಹೇಳಿದರೆ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಬಿಟ್ಟರು ಅತ್ತೆ.

ಹೊರಡುವ ದಿನ ಹುಡುಗಿ ಪೆಟ್ಟಿಗೆ ಹಿಡಿದು ಹೊಸಿಲ ಬಳಿ ನಿಂತಳು. ಅಳಲಿಲ್ಲ.

"ಅಮ್ಮಾ, ಅಲ್ಲೂ ಹಾರಿದ್ರೆ ನನ್ನನ್ನ ಎಲ್ಲಿಗೆ ಕಳಿಸ್ತಾರೆ?"

ಅಷ್ಟರಲ್ಲಿ ಸ್ಟೀಲ್ ಡಬ್ಬಿಯೊಂದು ಹಾರಿಬಂದು ಗಂಡನ ಕಾಲ ಬಳಿ ಬಿತ್ತು. ಎಲ್ಲರೂ ಹುಡುಗಿಯತ್ತ ತಿರುಗಿದರು.

"ನಾನೇ ಎಸೆದಿದ್ದು," ಎಂದಳು ಎಲ್ಲರ ಹಿಂದೆ ನಿಂತಿದ್ದ ಟೈಲರಮ್ಮ. "ಇಷ್ಟು ದಿನ ಎಸೆದಿದ್ದೂ ನಾನೇ. ಕಳಿಸೋದಾದ್ರೆ ನನ್ನನ್ನ ಕಳಿಸಿ."

ನನ್ನ ಭುಜಕ್ಕೂ ನೀನೇನಾ ಎಂದು ಗಂಡ ಕೇಳಿದ. ಹೂಂ ಎಂದಳು. ಅವಳಿಲ್ಲದೆ ಆ ಮನೆಯ ಒಲೆ ಉರಿಯುವುದಿಲ್ಲವೆಂದು ಅವನಿಗೂ ಗೊತ್ತು. ತೆಪ್ಪಗೆ ಪೆಟ್ಟಿಗೆಯನ್ನು ಒಳಗಿಟ್ಟ. ಅತ್ತೆ ಮಾತು ಬಿಟ್ಟರು. ಬೀದಿಯವರು ಹುಚ್ಚಿ ಎಂದರು. ಅನ್ನಲಿ, ಊರ ಬಾಯಿಗೆ ಬೀಗ ಹಾಕಲಾದೀತೇ! ದೆವ್ವ ಮಾತ್ರ ತನ್ನ ಪಾಡಿಗೆ ತಾನು ಎಸೆಯುತ್ತಲೇ ಇತ್ತು. ಪ್ರತಿ ಸಲವೂ ಅವಳು ನಾನೇ, ನಾನೇ ಎನ್ನುತ್ತಾ ಚೂರುಗಳನ್ನು ಗುಡಿಸುತ್ತಿದ್ದಳು.

ಒಂದು ಸಂಜೆ ಯಾರದೋ ಮನೆಗೆ ಉದ್ದನೆಯ ಪರದೆ ಹೊಲಿಯುತ್ತಿದ್ದಳು. ಬಟ್ಟೆ ನೆಲಕ್ಕೆ ತಾಗದಂತೆ ಅತ್ತೆ ಎದುರಿಗೆ ಕುಳಿತು, ಮುಖ ಗಂಟಿಕ್ಕಿಕೊಂಡೇ, ಇನ್ನೊಂದು ತುದಿ ಹಿಡಿದಿದ್ದರು. ಪಕ್ಕದ ಕೋಣೆಯಲ್ಲಿ ಮಗಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಕಪಾಟಿನ ಮೇಲಿದ್ದ ಚೊಂಬು ತಾನಾಗಿ ಎದ್ದು, ಇಬ್ಬರ ನಡುವೆಯೇ ಹಾದು, ಗೋಡೆಗೆ ಬಡಿಯಿತು. ಓದು ನಿಂತಿತು.

ಸೊಸೆಯ ಎರಡೂ ಕೈ ಸೂಜಿಯ ಬಳಿ ಬಟ್ಟೆಯ ಮೇಲಿದ್ದವು. ಅತ್ತೆ ಆ ಕೈಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಒಳಗಿನವಳಿಗೂ ಕೇಳುವಂತೆ ಗದರಿದರು.

"ಸ್ವಲ್ಪ ಮೆಲ್ಲಗೆ ಎಸೆಯಮ್ಮ. ಮಗು ಓದ್ತಾ ಇದೆ."