ಮೆಡಿಟರೇನಿಯನ್ನಿನಲ್ಲಿ ಒಂದು ಲೋಟ ನೀರು

ಅಂಗಡಿಗೆ ಕಾಲಿಟ್ಟ ಮನುಷ್ಯ ಮೊದಲು ಏನು ಕೇಳುತ್ತಾನೆ ಎಂಬುದರಿಂದಲೇ ಅವನ ಜಾತಕ ಬರೆಯಬಹುದು. ಟೈಲ್ಸನ್ನು ಮುಟ್ಟಿ ನೋಡುವ ಮೊದಲೇ ದರ ಕೇಳುವವನು ಗಿರಾಕಿಯಲ್ಲ, ಎದುರು ಅಂಗಡಿಯವನು ಕಳಿಸಿದ ಗೂಢಚಾರ. ದರದ ಸುದ್ದಿಯೇ ಎತ್ತದೆ ಬಣ್ಣಗಳ ಬಗ್ಗೆ ದೀರ್ಘ ಸಮಾಲೋಚನೆ ನಡೆಸುವ ದಂಪತಿ ಇನ್ನೂ ಸೈಟನ್ನೇ ಕೊಂಡಿರುವುದಿಲ್ಲ. ಗಿರಾಕಿಯ ಬೆನ್ನ ಹಿಂದೆ ಒಂದಿಷ್ಟು ಅಂತರ ಕಾಯ್ದುಕೊಂಡು ಒಳಗೆ ಬಂದು, ಯಾವ ಟೈಲ್ಸಿನ ಕಡೆಗೂ ಕಣ್ಣೆತ್ತದೆ, "ಸಾರ್, ಒಂದ್ ಲೋಟ ನೀರ್ ಕೊಡಿ" ಎನ್ನುವ ವ್ಯಕ್ತಿ ಇದ್ದಾನಲ್ಲ, ಅವನು ಮೇಸ್ತ್ರಿ. ಆ ನೀರಿಗೂ ಬಾಯಾರಿಕೆಗೂ ಯಾವ ಸಂಬಂಧವೂ ಇಲ್ಲ. ಸುಂಕದಕಟ್ಟೆಯ ನಮ್ಮ ಅಂಗಡಿಯಲ್ಲಿ ಅದರ ತಾತ್ಪರ್ಯ ಇಷ್ಟೇ: ಈ ಗಿರಾಕಿಯನ್ನು ಕರೆತಂದವನು ನಾನು, ಸಂಜೆ ಬಂದಾಗ ನನ್ನ ಪಾಲನ್ನು ಮರೆಯಬೇಡಿ. ನಾನು ನೀರು ಕೊಟ್ಟೆನೆಂದರೆ ಒಪ್ಪಂದಕ್ಕೆ ರುಜು ಬಿದ್ದಂತೆ. ಮಧ್ಯದಲ್ಲಿ ನಿಂತ ಗಿರಾಕಿ ಮಾತ್ರ, ಪಾಪ, ಮೇಸ್ತ್ರಿಗೆ ಬಿಸಿಲು ತಾಗಿದೆ ಎಂದು ಮರುಗುತ್ತಿರುತ್ತಾನೆ.

ಈ ಲೋಟದ ಶಾಸ್ತ್ರವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕುರುಬರಹಳ್ಳಿಯ ಫುಟ್‌ಪಾತಿನಲ್ಲಿ ಮೂಲೆ ಮುರಿದ ಬಚ್ಚಲುಮನೆ ಟೈಲ್ಸ್ ಹರಡಿಕೊಂಡು ಶುರುಮಾಡಿ, ಮಾಗಡಿ ರಸ್ತೆಗೆ ಸ್ವಂತ ಬೋರ್ಡು ಹಾಕುವಷ್ಟು ಬೆಳೆದ ದಾರಿಯಲ್ಲಿ ಸಂಶಯವೇ ನನ್ನ ಬಂಡವಾಳವಾಗಿತ್ತು. ಬಂಡವಾಳವನ್ನು ಮನೆಯಲ್ಲಿಟ್ಟು ಪ್ರವಾಸ ಹೋಗುವುದು ಹೇಗೆ? ಹಾಗಾಗಿ ಹೋದಲ್ಲೆಲ್ಲ ಜೊತೆಗೇ ಒಯ್ಯುತ್ತೇನೆ. ಕಾಶಿಯಲ್ಲಿ ದೋಣಿಯವನ ದರದ ಹಿಂದಿನ ಸಂಚನ್ನು ನಾನು ಬಯಲಿಗೆಳೆಯುವಷ್ಟರಲ್ಲಿ ಗಂಗಾರತಿ ಮುಗಿದು ಜನ ಚದುರಿದ್ದರು. ಜೈಪುರದಲ್ಲಿ ಗೈಡನ್ನು ಬದಲಾಯಿಸುತ್ತ ಬದಲಾಯಿಸುತ್ತ, ಕೋಟೆಯ ಬಾಗಿಲು ಹಾಕುವ ಹೊತ್ತಿಗೆ ನಂಬಿಕಸ್ಥನೊಬ್ಬ ಸಿಕ್ಕ. ಈ ಎರಡೂ ಸಾಧನೆಗಳನ್ನು ನನ್ನ ಧರ್ಮಪತ್ನಿ ಸರೋಜ ಬೇರೆ ಶಬ್ದಗಳಲ್ಲಿ ವರ್ಣಿಸುತ್ತಾಳೆ.

ಹೀಗಿರುವಾಗ, ಟೈಲ್ಸ್ ಕಂಪನಿಯೊಂದು ಹೆಚ್ಚು ಮಾಲು ಎತ್ತಿದ ಡೀಲರುಗಳನ್ನು ಸಪತ್ನೀಕರಾಗಿ ಮಾಲ್ಟಾಕ್ಕೆ ಕರೆದೊಯ್ಯುವುದಾಗಿ ಘೋಷಿಸಿತು. ಪುಕ್ಕಟೆ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಕೈ ತಾನಾಗಿಯೇ ಜೇಬನ್ನು ಮುಚ್ಚಿಕೊಳ್ಳುತ್ತದೆ. ಆದರೂ ಸರೋಜಳ ಮುಖ ನೋಡಿ ಹೊರಟೆ. ಅಲ್ಲಿ ನಮ್ಮ ಪಾಲಿಗೆ ಬಂದ ಬಿಡುವಿನ ದಿನವನ್ನು ಉಳಿದ ಡೀಲರುಗಳು ನಿದ್ದೆಗೂ ಪೇಟೆಗೂ ಹಂಚಿಬಿಟ್ಟರು. ಸರೋಜ ಮಾತ್ರ ನನ್ನನ್ನು ಒಂದು ಮಾತೂ ಕೇಳದೆ, ಪಕ್ಕದ ಗೋಜೋ ದ್ವೀಪಕ್ಕೆ ಒಂದು ದಿನದ ಪ್ರವಾಸವನ್ನು ಫೋನಿನಲ್ಲಿ ಬುಕ್ ಮಾಡಿಟ್ಟಿದ್ದಳು: ಸಣ್ಣ ಗುಂಪು, ಒಂದು ವ್ಯಾನು, ಒಬ್ಬ ಗೈಡು. ಚೌಕಾಸಿಗೆ ಅವಕಾಶವೇ ಇಲ್ಲದ ವ್ಯವಹಾರವನ್ನು ನಾನು ವ್ಯವಹಾರವೆಂದು ಒಪ್ಪುವವನಲ್ಲ. ಅದನ್ನು ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಬೆರಳೆತ್ತಿದಳು.

"ನೋಡಿ, ಇವತ್ತೊಂದು ದಿನ ಯಾರ ಮೇಲೂ ಅನುಮಾನ ಪಡಬೇಡಿ. ಪಟ್ರೋ, ಇನ್ಮೇಲೆ ನಾನು ವಿಜಯನಗರದ ಅಕ್ಕನ ಜೊತೆ ಹೋಗ್ತೀನಿ. ನೀವು ಅಂಗಡೀಲೇ ಇರಿ. ಇದು ತಮಾಷೆ ಅಲ್ಲ ಕಣ್ರೀ."

ಸರೋಜ ಸಿಟ್ಟಿನಲ್ಲಿ ಆಡಿದ ಮಾತಿಗೆ ನಾನು ಹೆದರುವವನಲ್ಲ. ಇದನ್ನು ಅವಳು ಶಾಂತವಾಗಿ, ಬ್ಯಾಗಿನ ಜಿಪ್ ಎಳೆಯುತ್ತ ಆಡಿದ್ದಳು. ಒಪ್ಪಿಕೊಂಡೆ. ಆದರೆ ಒಪ್ಪಂದದ ಷರತ್ತುಗಳನ್ನು ಸೂಕ್ಷ್ಮವಾಗಿ ಓದಿಕೊಳ್ಳುವುದು ನನ್ನ ವೃತ್ತಿಧರ್ಮವಾದ್ದರಿಂದ, ಬಾಯಿಗೆ ಮಾತ್ರ ಬೀಗ, ಮನಸ್ಸಿಗಲ್ಲ ಎಂದು ಒಳಗೊಳಗೇ ತಿದ್ದುಪಡಿ ಮಾಡಿಕೊಂಡೆ.

ಗೈಡಿನ ಹೆಸರು ಸಾಲ್ವು. ಬಿಸಿಲಿಗೆ ಬಣ್ಣ ಕಳೆದುಕೊಂಡ ಟೋಪಿ, ಎಲ್ಲದಕ್ಕೂ ಮುಂಚಿತವಾಗಿಯೇ ಸಿದ್ಧವಾಗಿರುವ ನಗು. ಅಷ್ಟು ನಗುವವನನ್ನು ನಾನಾಗಿದ್ದರೆ ಸಾಲದ ಗಿರಾಕಿಗಳ ಬಳಿಗೆ ವಸೂಲಿಗೆ ಕಳಿಸುತ್ತಿರಲಿಲ್ಲ. ಸರೋಜ ಮೊದಲ ಕಾಲು ಗಂಟೆಯಲ್ಲೇ ಅವನನ್ನು ಸಾಲ್ವಣ್ಣ ಮಾಡಿಬಿಟ್ಟಳು. ನಮ್ಮ ಜೊತೆಗೆ ಇಂಗ್ಲೆಂಡಿನ ನಿವೃತ್ತ ಮೇಡಂ ಒಬ್ಬರು, ಪೋಲೆಂಡಿನ ಗಂಡ ಹೆಂಡತಿ ಇದ್ದರು. ದ್ವೀಪಕ್ಕೆ ಹೋಗುವುದು ದೊಡ್ಡ ಹಡಗಿನಲ್ಲಿ, ವ್ಯಾನಿನ ಸಮೇತ. ವಿಚಿತ್ರವೆಂದರೆ ಹತ್ತುವಾಗ ಯಾರೂ ಟಿಕೆಟ್ ಕೇಳಲಿಲ್ಲ. ಇಲ್ಲಿ ಹೋಗುವಾಗ ದುಡ್ಡಿಲ್ಲ, ವಾಪಸ್ಸು ಬರುವಾಗ ಮಾತ್ರ ಎಂದು ಸಾಲ್ವು ಹೇಳಿದ. ಓದುಗ ಮಿತ್ರರೇ, ನೀವೇ ಯೋಚಿಸಿ. ಸುತ್ತಲೂ ಸಮುದ್ರವಿರುವ ಜಾಗಕ್ಕೆ ಪುಕ್ಕಟೆ ಒಯ್ದು ಇಳಿಸಿ, ಹಿಂದಿರುಗುವುದಕ್ಕೆ ಬೆಲೆ ಕಟ್ಟುವವರ ವ್ಯಾಪಾರಬುದ್ಧಿಯ ಮುಂದೆ ನಾವೆಲ್ಲ ಯಾವ ಲೆಕ್ಕ? ನಾನು ಡೆಕ್ಕಿನ ಮೇಲೆ ನಿಂತು ಆ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಾಗ, ಸರೋಜ ಅತ್ತ ಸಾಲ್ವುವಿನ ಜೊತೆ ಏನೋ ಮಾತಾಡುತ್ತ, ಯಾರನ್ನೋ ತೋರಿಸುತ್ತ, ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. ಆಗ ನಾನು ಅದಕ್ಕೆ ಗಮನ ಕೊಡಲಿಲ್ಲ. ಕೊಟ್ಟಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ಮೊದಲು ನೋಡಿದ್ದು ಕಲ್ಲಿನ ಗುಡಿಗಳನ್ನು. ಈಜಿಪ್ಟಿನ ಪಿರಮಿಡ್ಡುಗಳಿಗಿಂತಲೂ ಪುರಾತನವಂತೆ. ಅವರೆಯಂಥ ಕಾಳನ್ನೂ ಜೇನನ್ನೂ ತಿಂದು ಬೆಳೆದ ರಾಕ್ಷಸಿಯೊಬ್ಬಳು ಆ ಬಂಡೆಗಳನ್ನು ಹೊತ್ತು ತಂದಳೆಂದು ಊರವರ ಕಥೆ. ಕಥೆಯ ಬಗ್ಗೆ ನನಗೆ ತಕರಾರಿಲ್ಲ. ವಯಸ್ಸಿನ ಬಗ್ಗೆ ಮಾತ್ರ, ಹೊಸ ಕಲ್ಲನ್ನು ಆಸಿಡ್ಡಿನಲ್ಲಿ ತೊಳೆದು ಹಳೆಯದೆಂದು ಮಾರುವವರನ್ನು ಬಲ್ಲ ನನ್ನ ಅಂತರಂಗ ಒಂದು ಕ್ಷಣ ಹೊಯ್ದಾಡಿತು. ಬಂಡೆಯನ್ನು ಒಮ್ಮೆ ತಟ್ಟಿ ಸದ್ದು ಕೇಳೋಣವೆಂದು ಹಗ್ಗದಾಚೆ ಕೈ ಚಾಚಿದೆ. ಸರೋಜ ಕೆಮ್ಮಿದಳು. ಕೈ ಹಿಂದಕ್ಕೆ ಬಂತು.

ಹೊರಗೆ ರಸ್ತೆಬದಿಯಲ್ಲಿ ಜೇನು ಮಾರುತ್ತಿದ್ದರು. ಮೇಡಂ ಬಾಟಲಿ ಎತ್ತಿಕೊಂಡಾಗ, ದೇವಸ್ಥಾನದ ಬಾಗಿಲಲ್ಲಿ ಏನನ್ನೂ ಕೊಳ್ಳಬಾರದೆಂಬ ಸಾರ್ವತ್ರಿಕ ನಿಯಮವನ್ನು ಅವರಿಗೆ ತಿಳಿಸದಿರಲು ನನ್ನ ಮನಸ್ಸು ಒಪ್ಪಲಿಲ್ಲ. ನನ್ನ ಇಂಗ್ಲಿಷ್ ಅಂಗಡಿಯ ಇಂಗ್ಲಿಷ್. ಕ್ರಿಯಾಪದಗಳು ಕಡಿಮೆ, ಕೈಸನ್ನೆ ಜಾಸ್ತಿ. ಅವರು ಬಾಟಲಿ ಕೆಳಗಿಟ್ಟರು. ಆಮೇಲೆ ದ್ವೀಪದ ನಡುವೆ ಕೋಟೆಯಿರುವ ಊರಿಗೆ ಹೋದಾಗ, ಅಲ್ಲಿನ ಅಂಗಡಿಯಲ್ಲಿ ಅದೇ ಜೇನು, ಅದೇ ಬಾಟಲಿ ಕಡಿಮೆಗೆ ಸಿಕ್ಕಿತು. ಅಲ್ಲಿಂದ ಮುಂದೆ ಮೇಡಂ ನನ್ನ ಮುಖ ನೋಡದೆ ಐಸ್‌ಕ್ರೀಮನ್ನೂ ಕೊಳ್ಳಲಿಲ್ಲ. ಪೋಲೆಂಡಿನವರು ತಮ್ಮ ಹೋಟೆಲಿನ ಬಿಲ್ಲನ್ನೇ ಫೋನಿನಲ್ಲಿ ತೆಗೆದು ನನ್ನ ಅಭಿಪ್ರಾಯ ಕೇಳಿದರು.

"ಶುರು ಹಚ್ಕೊಂಡ್ರಾ?" ಎಂದಳು ಸರೋಜ.

"ಅನುಮಾನ ಅಲ್ಲ ಕಣೇ ಇದು. ಮಾರ್ಕೆಟ್ ಸ್ಟಡಿ."

"ಅಕ್ಕನಿಗೆ ಮೆಸೇಜ್ ಹಾಕ್ಲಾ?"

ಸುಮ್ಮನಾದೆ. ಕಡಲಂಚಿನಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಉಪ್ಪಿನ ಮಡಿಗಳನ್ನು ಕಂಡಾಗಲಂತೂ, ಅಂಥ ಚೌಕಗಳನ್ನು ಅಳತೆಪಟ್ಟಿಯಿಲ್ಲದೆ ಹಾಕಿದ ಕೈ ಯಾವ ಮೇಸ್ತ್ರಿಯದಿರಬಹುದೆಂದು ಬೆರಗಾಗಿ, ನಿಜವಾಗಿಯೇ ಸುಮ್ಮನಾದೆ. ಸರೋಜ ಅಲೆಗಳ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಮುಖದಲ್ಲಿ ಕಾಶಿಯಲ್ಲೂ ಜೈಪುರದಲ್ಲೂ ಕಾಣದ ಒಂದು ಬಿಡುವಿತ್ತು. ಇನ್ನು ಕೆಲವೇ ತಾಸು ಬಾಯಿ ಮುಚ್ಚಿಕೊಂಡರೆ ಗೆದ್ದೆ ಎಂದುಕೊಂಡೆ.

ಆಗಲೇ ಸಾಲ್ವು, ಪಟ್ಟಿಯಲ್ಲಿಲ್ಲದ ಒಂದು ಜಾಗಕ್ಕೆ ಕರೆದೊಯ್ಯುತ್ತೇನೆ ಎಂದ.

ಪಟ್ಟಿಯಲ್ಲಿಲ್ಲದ ಜಾಗ! ನಮ್ಮ ದೇಶದಲ್ಲಿ ಟೂರಿಸ್ಟ್ ಬಸ್ಸು ಹತ್ತಿದ ಯಾರಿಗೆ ತಾನೇ ಅದರ ಅರ್ಥ ಗೊತ್ತಿಲ್ಲ? ಅರಮನೆ ನೋಡಲು ಅರ್ಧ ಗಂಟೆ, ಎಂಪೋರಿಯಂ ನೋಡಲು ಒಂದೂವರೆ ಗಂಟೆ. ಗಂಧದ ಆನೆ ಕೊಳ್ಳುವ ತನಕ ಡ್ರೈವರ್ ಪತ್ತೆಯಿರುವುದಿಲ್ಲ. ಬೆಳಗಿನಿಂದ ನಾನು ಕಾಯುತ್ತಿದ್ದ ಕಮಿಷನ್ ಅಂಗಡಿ ಇದೇ. ವ್ಯಾನು ಇಕ್ಕಟ್ಟಿನ ಬೀದಿಯೊಂದರಲ್ಲಿ, ಜೇನುಬಣ್ಣದ ಕಲ್ಲಿನ ಮನೆಯ ಮುಂದೆ ನಿಂತಿತು. ಕಿಟಕಿಯಲ್ಲಿ ಲೇಸಿನ ಕಸೂತಿ ತೂಗುಹಾಕಿತ್ತು. ಪ್ರತಿಯೊಂದಕ್ಕೂ ಬೆಲೆಯ ಚೀಟಿ. ಇಷ್ಟಾದರೂ ನಾನು ತುಟಿ ಬಿಚ್ಚಲಿಲ್ಲ. ಇದಕ್ಕೆ ದೇವರೇ ಸಾಕ್ಷಿ. ಆದರೆ ಸಾಲ್ವು ಇಳಿದು, ಬಾಗಿಲಲ್ಲಿ ನಿಂತು ತನ್ನ ಭಾಷೆಯಲ್ಲಿ ಏನೋ ಕೂಗಿದ. ಒಳಗಿಂದ ವಯಸ್ಸಾದ ಹೆಂಗಸೊಬ್ಬಳು ಬಂದಳು. ಬಂದವಳೇ, ಅವನ ಕೈಗೆ ಒಂದು ಲೋಟ ನೀರು ಕೊಟ್ಟಳು.

ನನ್ನ ಸಂಯಮದ ಕಟ್ಟೆ ಒಡೆಯಿತು.

"ಯಾರೂ ಇಳೀಬೇಡಿ" ಎಂದು ನನ್ನ ಕ್ರಿಯಾಪದರಹಿತ ಇಂಗ್ಲಿಷಿನಲ್ಲಿ ಘೋಷಿಸಿದೆ. ನೀರು, ಕಮಿಷನ್, ಲೇಸು, ಬೆಲೆಚೀಟಿ ಇವುಗಳ ಕಾರ್ಯಕಾರಣ ಸಂಬಂಧವನ್ನು ಸಂಕ್ಷಿಪ್ತವಾಗಿ ನಿರೂಪಿಸಿದೆ. ಜೇನಿನ ವಿಜಯದಿಂದ ನನ್ನ ಮಾತಿಗೆ ಅಪಾರ ತೂಕ ಬಂದಿತ್ತು. ಮೇಡಂ ಬಿಚ್ಚಿದ್ದ ಸೀಟ್‌ಬೆಲ್ಟನ್ನು ಮತ್ತೆ ಹಾಕಿಕೊಂಡರು. ಪೋಲೆಂಡಿನವರು ಕೈಕಟ್ಟಿ ಕೂತರು. ಸಾಲ್ವು ವ್ಯಾನಿನೊಳಗೆ ಇಣುಕಿ, ಬನ್ನಿ ಎಂದ. ಎಲ್ಲರೂ ನನ್ನನ್ನೇ ನೋಡಿದರು. ನಾನು ಎದುರಿನ ಗೋಡೆಯನ್ನು ನೋಡಿದೆ. ಅವನ ನಗು ಮೊದಲ ಸಲ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದಲ್ಲೇ ಅಲೆದಾಡಿತು.

ಸರೋಜ ಎದ್ದಳು. ನನ್ನ ಮೊಣಕಾಲನ್ನು ದಾಟಿ, ಇಳಿದು ಹೋದಳು. ಬೈದಿದ್ದರೆ ವಾಸಿಯಿತ್ತು.

ನಿಂತ ವ್ಯಾನಿನಲ್ಲಿ ಸೆಕೆ ಏರುತ್ತಿತ್ತು. ಮನೆಯೊಳಗಿಂದ ಕಟಕಟ, ಕಟಕಟ ಎಂಬ ಮರದ ಸದ್ದು, ನಡುನಡುವೆ ಹೆಂಗಸರ ನಗು. ಅದರಲ್ಲೊಂದು ನನಗೆ ಪರಿಚಿತವಾದದ್ದೇ. ಕೇಳಿ ಬಹಳ ದಿನವಾಗಿತ್ತು ಅಷ್ಟೆ. ಈಗ ಕೊಳ್ಳುತ್ತಾಳೆ, ಈಗ ಸಿಕ್ಕಿಬೀಳುತ್ತಾಳೆ ಎಂದು ಕಾದೆ. ಬೆವರೊರೆಸಿಕೊಳ್ಳುತ್ತ ನನ್ನ ಅನುಯಾಯಿಗಳು ತಮ್ಮ ನಾಯಕನನ್ನು ನೋಡುವ ದೃಷ್ಟಿ ನಿಧಾನವಾಗಿ ಬದಲಾಗುತ್ತಿತ್ತು. ಕೊನೆಗೆ ಆ ಹೆಂಗಸೇ ತಟ್ಟೆಯಲ್ಲಿ ನೀರಿನ ಲೋಟಗಳನ್ನಿಟ್ಟುಕೊಂಡು ವ್ಯಾನಿನ ಬಳಿ ಬಂದು, ಒಬ್ಬೊಬ್ಬರಿಗೂ ಚಾಚಿದಳು. ಮೇಡಂ ಕೈಯಲ್ಲಿ ಲೋಟ ಹಿಡಿದು, ಕುಡಿಯಬಹುದೇ ಎಂದು ಕಣ್ಣಲ್ಲೇ ನನ್ನನ್ನು ಕೇಳಿದರು. ನಾನು ಕುಡಿದೆ. ತಣ್ಣಗಿತ್ತು, ನಿಂಬೆಯ ಸಿಪ್ಪೆ ಹಾಕಿದ್ದಳು. ಉಳಿದವರು ಗಟಗಟನೆ ಮುಗಿಸಿ ಇಳಿಯಲು ಸಿದ್ಧರಾಗುವಷ್ಟರಲ್ಲಿ ಹಡಗಿನ ಹೊತ್ತಾಗಿತ್ತು. ಜೇನಿಗೆ ಧನ್ಯವಾದ, ಮಿಕ್ಕಿದ್ದರ ಬಗ್ಗೆ ಏನು ಹೇಳಬೇಕೋ ತಿಳಿಯದು ಎಂದು ಮೇಡಂ ಬಹಳ ಸಭ್ಯವಾಗಿ ಹೇಳಿದರು.

ವಾಪಸ್ಸಿನ ಹಡಗಿನಲ್ಲಿ ಸರೋಜ ಕಂಬಿಗೆ ಒರಗಿ ನಿಂತಳು. ನಾನು ತೀರ್ಪಿಗೆ ಕಾಯುವ ಆರೋಪಿಯಂತೆ ಪಕ್ಕದಲ್ಲಿ ನಿಂತೆ. ಅವಳೇ ಹೇಳಿದಳು. ಬೆಳಿಗ್ಗೆ ಹಡಗಿನಲ್ಲಿ ಒಬ್ಬಾಕೆಯ ಕುಪ್ಪಸದ ಲೇಸು ನೋಡಿ, ಇದನ್ನು ಹೇಗೆ ಹಾಕುತ್ತಾರೆಂದು ಸಾಲ್ವಣ್ಣನನ್ನು ಕೇಳಿದ್ದಳಂತೆ. ನಮ್ಮ ಬಸವೇಶ್ವರನಗರದ ಮನೆಯಲ್ಲಿ ಟೀವಿಗೆ, ಮಿಕ್ಸಿಗೆ, ಸೋಫಾದ ತೋಳಿಗೆ, ಕೊನೆಗೆ ನನ್ನ ಕನ್ನಡಕದ ಡಬ್ಬಿಗೂ ಕ್ರೋಶಾದ ಅಂಗಿ ಹಾಕಿರುವವಳು ಕೇಳದಿರುತ್ತಾಳೆಯೇ? ಅವನು ತನ್ನ ಸೋದರತ್ತೆ ಅದನ್ನೇ ಮಾಡುವವಳು, ತೋರಿಸುತ್ತೇನೆ ಎಂದಿದ್ದ. ಪಟ್ಟಿಯಲ್ಲಿಲ್ಲದ ಆ ನಿಲುಗಡೆ ಸರೋಜಳಿಗಾಗಿಯೇ ಇತ್ತು.

"ಹಂಗಾದ್ರೆ ಬೆಲೆಚೀಟಿ?" ಎಂದೆ, ಪೂರ್ತಿ ಸೋಲಲು ಮನಸ್ಸಾಗದೆ.

"ಮಾರ್ತಾರೆ. ಯಾಕ್ ಮಾರ್ಬಾರ್ದು? ನಾವು ಟೈಲ್ಸ್ ಮಾರಲ್ವಾ?"

"ಅವನಿಗೆ ಕಮಿಷನ್ನು?"

"ಸಿಗುತ್ತೆ. ಭಾನುವಾರ ಭಾನುವಾರ ಅತ್ತೆ ಮನೇಲಿ ಊಟ."

ಅವಳು ಏನನ್ನೂ ಕೊಂಡಿರಲಿಲ್ಲ. ವಿಮಾನದಲ್ಲಿ ಕೂತು ಹೆಣೆದಿದ್ದ ಮೊಬೈಲ್ ಚೀಲವನ್ನು ಅತ್ತೆಗೆ ಕೊಟ್ಟು, ಬದಲಿಗೆ ಲೇಸು ಹಾಕುವಾಗ ದಾರ ಸುತ್ತುವ, ಬೆರಳುದ್ದದ ಮರದ ಕಡ್ಡಿಯೊಂದನ್ನು ತಂದಿದ್ದಳು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಚೀಟಿ ಅಂಟಿಸಿದ್ದ ಗುರುತಿರಲಿಲ್ಲ. ಎಷ್ಟು ಬೆಲೆ ಬಾಳಬಹುದೆಂದು ಹೇಳಲಾಗದ ವಸ್ತು ನನ್ನ ಕೈಗೆ ಬಂದದ್ದು ಅಪರೂಪ. ಹಿಂದಿರುಗಿಸಿದೆ.

"ಮತ್ತೆ... ಅಕ್ಕನ ಜೊತೆನಾ ಮುಂದಿನ ಸಲ?"

ಸರೋಜ ದೂರದ ದಡವನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾದೆ. ನಗುತ್ತಿದ್ದಳು.

"ಬೇಡ. ಅಕ್ಕ ಬಂದಿದ್ರೆ ಎಲ್ಲರನ್ನೂ ಕರ್ಕೊಂಡು ಒಳಗ್ ಬಂದ್ಬಿಡ್ತಿದ್ಳು. ಎಲ್ರೂ ಫೋಟೋ ಹೊಡ್ಕೊಂಡು ಹೊರಡೋಣ ಅಂತಿದ್ರು. ನೀವ್ ಅಷ್ಟೂ ಜನಾನ ವ್ಯಾನಲ್ಲಿ ಕೂಡ್ ಹಾಕಿದ್ರಲ್ಲ, ಅತ್ತೆ ನನ್ನೊಬ್ಳನ್ನೇ ಪಕ್ಕದಲ್ಲಿ ಕೂರಿಸ್ಕೊಂಡು, ಕೈ ಹಿಡ್ದು ಕಲಿಸಿದ್ರು. ನೀವೇ ಬನ್ನಿ ಮುಂದಿನ ಸಲಾನೂ." ಕಡ್ಡಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತ ಸೇರಿಸಿದಳು: "ವ್ಯಾನಲ್ಲೇ ಕೂತಿರಿ."

ಇದನ್ನು ಹೊಗಳಿಕೆಯೆಂದು ದಾಖಲಿಸಿಕೊಳ್ಳಬೇಕೋ ಬೇಡವೋ ಎಂದು ನಾನು ಇನ್ನೂ ನಿರ್ಧರಿಸಿಲ್ಲ. ಪ್ರವಾಸ ಹೋಗುವ ಓದುಗರಿಗೆ ನನ್ನ ಸಲಹೆ ಇಷ್ಟೇ: ಸಂಶಯವನ್ನು ಖಂಡಿತ ಒಯ್ಯಿರಿ, ಜೇನು ಕೊಳ್ಳುವಾಗ ಬೇಕಾಗುತ್ತದೆ. ಆದರೆ ಅದರ ಜೊತೆ ನೀವು ವ್ಯಾನಿನಲ್ಲಿ ಕೂತಿರುವಾಗ, ಇಳಿದು ಹೋಗಬಲ್ಲ ಒಬ್ಬರನ್ನೂ ಜೊತೆಗೆ ಕರೆದೊಯ್ಯಿರಿ.

ಮೊನ್ನೆ ಮಧ್ಯಾಹ್ನ ಸರೋಜ ಅಂಗಡಿಯಲ್ಲಿದ್ದಳು. ಆ ಮರದ ಕಡ್ಡಿಯ ಮಾದರಿಯಲ್ಲೇ ಬಡಗಿಯಿಂದ ಒಂದಿಷ್ಟು ಮಾಡಿಸಿಕೊಂಡು ಬಂದು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಲೇಸು ಹಾಕುತ್ತ ಕಟಕಟ ಎನ್ನಿಸುತ್ತಿದ್ದಳು. ಮೇಸ್ತ್ರಿಯೊಬ್ಬ ಬಂದ. "ಸಾರ್, ಒಂದ್ ಲೋಟ ನೀರ್ ಕೊಡಿ." ಅಭ್ಯಾಸಬಲದಿಂದ ನಾನು ಅವನ ಬೆನ್ನ ಹಿಂದೆ ಇಣುಕಿದೆ. ಗಿರಾಕಿ ಕಾಣಲಿಲ್ಲ. ಬೀದಿಯಾಚೆ ನಿಂತಿರಬಹುದೆಂದು ಬಾಗಿಲ ತನಕ ಹೋಗಿ, ಎಡಕ್ಕೂ ಬಲಕ್ಕೂ ನೋಡಿ ಬಂದೆ. ಅಷ್ಟರಲ್ಲಿ ಸರೋಜ ನೀರು ಕೊಟ್ಟಾಗಿತ್ತು. ಅವನು ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡು, ಖಾಲಿ ಲೋಟವನ್ನು ಮತ್ತೆ ಅವಳ ಕಡೆ ಚಾಚಿದ.

ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ, ಕಮಿಷನ್ನಿಗೆ ಬಂದವನು ಎರಡನೆಯ ಲೋಟ ಕೇಳಿದ್ದನ್ನು ನಾನು ಕಂಡಿಲ್ಲ. ಹೂಜಿಯನ್ನು ಸರೋಜಳ ಕೈಯಿಂದ ಇಸಿದುಕೊಂಡು, ಈ ಸಲ ನಾನೇ ಬಗ್ಗಿಸಿದೆ.