ಎರಡು ಅಳತೆಚಕ್ರ

ಕುಲುಮೆಯ ಯಜಮಾನನಿಗೆ ಊರವರು ಇಟ್ಟ ಹೆಸರು ಕೂದಲೆಳೆ. ‘ನನ್ನ ಅಳತೆ ಕೂದಲೆಳೆಯಷ್ಟೂ ತಪ್ಪಲ್ಲ’ ಎಂದು ಬಂದವರ ತಲೆ ತಿಂದು ಸಂಪಾದಿಸಿದ ಹೆಸರು. ಅವನ ಹೆಂಡತಿಗೆ ಅಂಥದ್ದೇನೂ ಇರಲಿಲ್ಲ. ಮೂಲೆಯಲ್ಲಿ ಕೂತು ತಿದಿಯೊತ್ತಿ ಬೆಂಕಿಗೆ ಗಾಳಿ ಕೊಡುವವಳನ್ನು ಯಾರು ತಾನೇ ಗಮನಿಸುತ್ತಾರೆ? ಆದರೆ ಗಂಡ ಹಿಂದೆ ತಿರುಗದೆ ಕೈ ಚಾಚಿದರೆ ಸಾಕು, ಸುತ್ತಿಗೆ ಬೇಕೋ ಇಕ್ಕಳ ಬೇಕೋ ಅವಳಿಗೆ ತಿಳಿಯುತ್ತಿತ್ತು.

ಮರದ ಗಾಲಿ ಮಾಡುವವನು ಮೈದುನ. ಅದಕ್ಕೆ ಕಬ್ಬಿಣದ ಪಟ್ಟಿ ತೊಡಿಸುವವನು ಗಂಡ. ಅಳೆಯಲು ಮಾವನ ಕಾಲದ ಅಳತೆಚಕ್ರವಿತ್ತು. ಹಿಡಿಗೆ ಸಿಕ್ಕಿಸಿದ, ತಿರುಗುವ ಕಬ್ಬಿಣದ ಬಿಲ್ಲೆ, ಅಷ್ಟೆ. ಗಾಲಿಯ ಅಂಚಿನ ಮೇಲೆ ಉರುಳಿಸಿ ಸುತ್ತು ಎಣಿಸಬೇಕು. ಪಟ್ಟಿಯ ಮೇಲೂ ಅಷ್ಟೇ ಸುತ್ತು ಉರುಳಿಸಿ ತುಸು ಗಿಡ್ಡವಾಗಿ ಕತ್ತರಿಸಬೇಕು. ಕಾಯಿಸಿ ತೊಡಿಸಿದ ಪಟ್ಟಿ ಆರುತ್ತಾ ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತದೆ. ಹಳೆಯದರ ಹಿಡಿ ಸಡಿಲವಾಯಿತೆಂದು ಗಂಡ ಹೊಸದೊಂದನ್ನೂ ಮಾಡಿಟ್ಟಿದ್ದ.

ಹೋದ ತಿಂಗಳು ಕಲ್ಲು ಹೇರಿದ ಗಾಡಿಯೊಂದರ ಪಟ್ಟಿ ಇಳಿಜಾರಿನಲ್ಲಿ ಕಳಚಿತು. ಗಾಡಿ ಮಗುಚಿ ಗಾಡಿಯವನ ಕಾಲು ಮುರಿಯಿತು.

“ಕುಗ್ಗೋ ಹಸಿ ಮರ ಹಾಕಿ ನನ್ನ ಹೆಸರಿಗೆ ಮಸಿ ಬಳಿದೆಯಲ್ಲೋ!” ಎಂದು ಗಂಡ ಎಲ್ಲರೆದುರು ತಮ್ಮನನ್ನು ಹೊರಗೆ ಹಾಕಿದ.

“ಚೆನ್ನಾಗಿ ಒಣಗಿದ ಮರ ಅಣ್ಣಾ” ಎಂದ ಮೈದುನನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅವನ ಕೈಯಲ್ಲಿ ಒಂದು ಮಣೆ ಮಾಡಿಸಲೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಅತ್ತಿಗೆಗೆ ಮಾತ್ರ ತನ್ನ ಮೇಲೇ ಅನುಮಾನ. ಆ ಗಾಲಿಯನ್ನು ಅಳೆದದ್ದು ಹಳೆಯ ಚಕ್ರದಿಂದ. ಪಟ್ಟಿ ಅಳೆಯಲು ಗಂಡ ಕೈ ಚಾಚಿದಾಗ ಅದು ಮರದ ಹೊಟ್ಟಿನಲ್ಲೆಲ್ಲೋ ಹೂತುಹೋಗಿತ್ತು. ಅವಳು ಎದುರಿಗೆ ಸಿಕ್ಕ ಹೊಸದನ್ನೇ ಕೊಟ್ಟಿದ್ದಳು. ಹೊಸದು ಚೂರೇ ಚೂರು ದೊಡ್ಡದಿದ್ದರೂ ಸಾಕು, ಸುತ್ತು ಸುತ್ತಿಗೂ ಪಟ್ಟಿ ಉದ್ದವಾಗುತ್ತದೆ, ಬಿಗಿ ಬರುವುದಿಲ್ಲ.

ಗಂಡ ಇದ್ದಿಲು ತರಲು ಹೋದಾಗ ಅವಳು ಅಂಜುತ್ತಲೇ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಸರಿಸಮ! ಅಬ್ಬಾ, ಬದುಕಿದೆ ಎನ್ನಿಸಿತು. ಖುಷಿಗೆ ಕಣ್ಣಲ್ಲಿ ನೀರೇ ಬಂತು. ಒರೆಸಿಕೊಂಡು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಹೊಸದರ ಅಂಚು ಪಳಪಳ ಹೊಳೆಯುತ್ತಿತ್ತು, ಸುತ್ತಲೂ ಅರದಿಂದ ಉಜ್ಜಿ ಸವೆಸಿದ ಗೀರು. ಅಂದು ಕೊಟ್ಟಾಗ ಅದೇ ಅಂಚಿನ ಕಪ್ಪು ಅವಳ ಬೆರಳಿಗೆ ಅಂಟಿತ್ತು.

ಗಂಡ ಬಂದವನೇ ಚೀಲ ಇಳಿಸಿ ಕುಲುಮೆಯ ಮುಂದೆ ಕೂತ. “ತಿದಿ ಒತ್ತೇ.”

“ಇದನ್ನ ಯಾವಾಗ ಉಜ್ಜಿದ್ರಿ?”

ಅವನು ಚೀಲದಿಂದ ಇದ್ದಿಲು ತೆಗೆದು ಕುಲುಮೆಗೆ ಸುರಿದ.

“ಕೊಟ್ಟೋಳು ನಾನು ರೀ. ನನ್ನ ಬೈದಿದ್ರೆ ಆಗ್ತಿರ್ಲಿಲ್ವಾ?”

“ನಿನ್ನ ಬೈದ್ರೆ ಅಳತೆ ತಪ್ಪಿದ್ದು ನಾನೇ ಅಂತ ಒಪ್ಕೊಂಡ ಹಾಗಾಗ್ತಿತ್ತು. ಅವನು ಚಿಕ್ಕೋನು, ಹೇಗೋ ಬದುಕ್ಕೋತಾನೆ.”

ಇಷ್ಟು ವರ್ಷ ಇಂಥವನ ಬೆಂಕಿಗೆ ಗಾಳಿ ಹಾಕಿದೆನಲ್ಲಾ ಎಂದು ಅವಳಿಗೆ ಹೇಸಿಗೆಯಾಯಿತು. ಎರಡೂ ಚಕ್ರಗಳನ್ನು ಎತ್ತಿಕೊಂಡು ಎದ್ದಳು.

“ಕೊಡು ಇಲ್ಲಿ” ಎಂದ ಗಂಡ, ಹಿಂದೆ ತಿರುಗದೆ ಕೈ ಚಾಚಿ.

ಆ ಕೈಯಲ್ಲಿ ಏನನ್ನೂ ಇಡದೆ ಅವಳು ಮೈದುನನ ಮನೆಯತ್ತ ನಡೆದಳು.